ಮಾಸ್ತರರ ಹಸಿರು ಸಾಲು

ಆಸ್ಪತ್ರೆಯ ಸೋಮವಾರದ ಸಭೆಯಲ್ಲಿ ಸಿಸ್ಟರ್ ಮೊದಲು ಹೇಳಿದ್ದು ಡ್ರೈವಿಂಗ್ ಮಾಸ್ತರರು ತೀರಿಕೊಂಡ ಸುದ್ದಿ. ಗುರುವಾರ ಮಧ್ಯಾಹ್ನ, ಮನೆಯಲ್ಲೇ, ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದರು. ಅವರ ಹೆಂಡತಿ ಆಗಷ್ಟೇ ಫೋನ್ ಮಾಡಿ ತಿಳಿಸಿದ್ದರಂತೆ.

ಯಾರೂ ಸಿಸ್ಟರ್ ಕಡೆ ನೋಡಲಿಲ್ಲ. ಎಲ್ಲರೂ ಗೋಡೆಯ ಪರದೆ ನೋಡಿದರು. ಪರದೆಯಲ್ಲಿ ರೋಗಿಗೊಂದು ಸಾಲು. ಏಳನೆಯದು ಮಾಸ್ತರರದು. ಅದರ ತುದಿಯ ಚುಕ್ಕೆ ಹಸಿರಾಗಿತ್ತು. ಪಕ್ಕದಲ್ಲಿ ಗೆರೆ ಏರಿ ಇಳಿದು, ಏರಿ ಇಳಿದು, ಮಾಸ್ತರರ ಹೃದಯ ಕ್ರಮವಾಗಿ ಬಡಿಯುತ್ತಿತ್ತು.

“ಅದು ಬೇರೆ ಯಾರದೋ ಇರ್ಬೇಕು,” ಅಂದ ಪಂಪು.

“ಏಳನೇದು ಅವರದೇ,” ಅಂದರು ಸಿಸ್ಟರ್.

“ಹಾಗಾದ್ರೆ ಸತ್ತವರು ಬೇರೆ ಯಾರೋ ಇರ್ಬೇಕು.”

ಇಬ್ಬರು ಮೂವರು ನಗಲು ಹೊರಟು ಅರ್ಧಕ್ಕೇ ನಿಲ್ಲಿಸಿದರು. ಗೋಡೆಗೆ ಒರಗಿ ಕೂತಿದ್ದ ಸೇತುವೆ ನೆಟ್ಟಗೆ ಕೂತಳು. ಆ ಸಾಲು ಯಾಕೆ ಹಸಿರಾಗಿದೆ ಎಂದು ಅವಳಿಗೆ ಆ ಕ್ಷಣವೇ ಗೊತ್ತಾಗಿತ್ತು. ಅದನ್ನು ಹಸಿರು ಮಾಡಿದವಳು ಅವಳೇ.

ಸೇತುವೆ ಅವಳ ಹೆಸರಲ್ಲ. ಅವಳು ಪಿಎಚ್‌.ಡಿ. ಮಾಡಿದ್ದು ಸೇತುವೆಗಳ ಮೇಲೆ. ಲಾರಿ ದಾಟುವಾಗ ಸೇತುವೆ ಹೇಗೆ ಅದುರುತ್ತದೆ ಎಂದು ಸೆನ್ಸರ್‌ಗಳಿಂದ ಅಳೆದು, ಬಿರುಕು ಎಲ್ಲಿದೆ ಎಂದು ಹೇಳುವುದು ಅವಳ ವಿದ್ಯೆ. ಪಂಪಿನದೂ ಅದೇ ಕಥೆ. ನೀರೆತ್ತುವ ಪಂಪಿನೊಳಗೆ ಗುಳ್ಳೆ ಯಾಕೆ ಏಳುತ್ತದೆ ಎಂದು ವರ್ಷಗಟ್ಟಲೆ ಬರೆದವನು. ಇಂಥ ಡಾಕ್ಟರೇಟ್ ಮುಗಿಸಿದ ಇಂಜಿನಿಯರುಗಳನ್ನು ಹಿಡಿದು ತಂದು, ಎರಡು ವರ್ಷ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಹೃದಯದ ಮತ್ತು ಸಕ್ಕರೆಯ ಕಾಯಿಲೆಗೆ ಉಪಯೋಗಕ್ಕೆ ಬರುವ ಹಾಗೆ ಪಳಗಿಸುವುದು ಈ ತರಬೇತಿ. ಪಳಗಿಸುವವರು ಹೃದಯದ ವೈದ್ಯೆ. ಎದುರಿಗೆ ಎಲ್ಲರೂ ಮೇಡಂ ಅನ್ನುತ್ತಾರೆ, ಹಿಂದೆ ಡಾಕ್ಟರಮ್ಮ. ಮೊದಲ ದಿನ ಅವರು ಹೇಳಿದ್ದು ಇಷ್ಟು:

“ಸಕ್ಕರೆ, ಬಿ.ಪಿ., ಬೊಜ್ಜು, ಹೃದಯ. ಇವು ನಾಲ್ಕು ಕಾಯಿಲೆ ಅಲ್ಲ, ನಾಲ್ಕು ಜನ ಅಣ್ಣತಮ್ಮಂದಿರು. ಒಬ್ಬ ಮುಂಬಾಗಿಲಿಂದ ಬಂದ ಅಂದ್ರೆ ಉಳಿದವರು ಹಿತ್ತಲ ಬಾಗಿಲಿಂದ ಒಳಗೆ ಬಂದಾಗಿರುತ್ತೆ. ನಿಮಗೆ ಲೆಕ್ಕ ಬರುತ್ತೆ, ಮನುಷ್ಯರು ಬರಲ್ಲ. ಅದನ್ನ ಕಲೀರಿ.”

ಕಲಿಸಲು ಅವರು ಇಟ್ಟ ನಿಯಮ ಎರಡು. ಒಂದು, ರೋಗಿಯ ಮೈಗೆ ಹಾಕುವುದನ್ನು ಮೊದಲು ಮಾಡಿದವರೇ ತಮ್ಮ ಮೈಗೆ ಹಾಕಿಕೊಳ್ಳಬೇಕು. ಸಣ್ಣ ಬದಲಾವಣೆಯಾದರೂ ಸರಿ. ಇನ್ನೊಂದು, ಪ್ರತಿಯೊಬ್ಬರೂ ಒಂದೊಂದು ರೋಗಿಯ ಮನೆಗೆ ಹೋಗಿಬರುತ್ತಿರಬೇಕು. ಅವರು ಉಣ್ಣುವುದು, ಮಲಗುವುದು, ಮಾತ್ರೆ ಮರೆಯುವುದು ಎಲ್ಲವನ್ನೂ ಕೂತು ನೋಡಬೇಕು. ಸೇತುವೆಯ ಪಾಲಿಗೆ ಬಂದದ್ದು ಡ್ರೈವಿಂಗ್ ಮಾಸ್ತರರ ಮನೆ.

ಮಾಸ್ತರರಿಗೆ ಸಕ್ಕರೆ ಕಾಯಿಲೆ ಹಳೆಯದು, ಹೃದಯದ್ದು ಹೊಸದು. ಎದೆಗೊಂದು ಅಂಟುಪಟ್ಟಿ, ತೋಳಿಗೊಂದು ಬಿಲ್ಲೆ. ಬಿಲ್ಲೆ ಸಕ್ಕರೆ ಅಳೆಯುತ್ತದೆ, ಪಟ್ಟಿ ಬಡಿತ ಅಳೆದು ಎರಡನ್ನೂ ಅವರ ಮನೆಯ ಫೋನಿಗೂ ಆಸ್ಪತ್ರೆಯ ಪರದೆಗೂ ಕಳಿಸುತ್ತದೆ. ಹಾಕಿಸಿಕೊಂಡ ದಿನ ಮಾಸ್ತರರು ಕೇಳಿದ್ದರು: “ಕಲಿಯೋರ ಕಾರಲ್ಲಿ ನನ್ನ ಕಾಲ ಹತ್ರನೂ ಒಂದು ಬ್ರೇಕ್ ಇರುತ್ತೆ. ಹುಡುಗರು ಗಾಬರಿಯಾದ್ರೆ ನಾನು ಒತ್ತೀನಿ. ನಿನ್ನ ಈ ಯಂತ್ರಕ್ಕೆ ಎರಡನೇ ಬ್ರೇಕ್ ಯಾರ ಕಾಲ ಹತ್ರ ಇದೆ?”

“ಸಿಸ್ಟರ್ ಹತ್ರ,” ಅಂದಿದ್ದಳು ಅವಳು. ಆಗ ಅದು ನಿಜವೂ ಆಗಿತ್ತು.

ಪಟ್ಟಿಗಳು ಬಿಡುತ್ತಿದ್ದವು. ಸ್ನಾನ ಮಾಡಿದರೆ ಬಿಡುತ್ತಿದ್ದವು, ಮಗ್ಗುಲು ಬದಲಿಸಿದರೆ ಬಿಡುತ್ತಿದ್ದವು. ಬಿಟ್ಟಾಗಲೆಲ್ಲ ಸಾಲು ಖಾಲಿಯಾಗಿ ಚುಕ್ಕೆ ಕೆಂಪಾಗುತ್ತಿತ್ತು. ಸಿಸ್ಟರ್ ಫೋನ್ ಮಾಡಿ, “ಪಟ್ಟಿ ಬಿಟ್ಟಿದೆ, ಒತ್ತಿ ಅಂಟಿಸ್ಕೊಳ್ಳಿ,” ಎಂದು ಹೇಳಬೇಕಿತ್ತು. ದಿನವಿಡೀ ಅದೇ. “ನಾನು ನರ್ಸೋ, ಗೋಂದಿನ ಅಂಗಡಿಯವಳೋ?” ಎಂದು ಅವರು ಸಭೆಯಲ್ಲಿ ರೇಗಿದರು. ಆಗ ಸೇತುವೆ ಒಂದು ಪ್ರೋಗ್ರಾಂ ಬರೆದಳು. ಸಾಲಿನಲ್ಲಿ ಖಾಲಿ ಬಿದ್ದರೆ, ಆ ರೋಗಿಯ ಹಿಂದಿನ ದಿನಗಳ ಬಡಿತ, ಸಕ್ಕರೆ ಎರಡನ್ನೂ ನೋಡಿ ಕಲಿತು, ಅದೇ ತಾಳದಲ್ಲಿ ಖಾಲಿಯನ್ನು ತುಂಬುವ ಪ್ರೋಗ್ರಾಂ. ಸಿಸ್ಟರ್ ಅದಕ್ಕೆ ತೇಪೆ ಎಂದು ಹೆಸರಿಟ್ಟರು. ಹೊಲಿಗೆ ಎಲ್ಲಿದೆ ಎಂದು ಹುಡುಕಿದರೂ ಸಿಗದಂಥ ತೇಪೆ. ಕೆಂಪು ಚುಕ್ಕೆಗಳು ಮಾಯವಾದವು, ಫೋನುಗಳು ನಿಂತವು. ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮನೂ ತಟ್ಟಿದರು.

ಎಷ್ಟು ಹೊತ್ತಿನ ಖಾಲಿಯವರೆಗೆ ತುಂಬಬಹುದು ಎಂಬ ಮಿತಿಯನ್ನು ಅವಳು ಹಾಕಿರಲಿಲ್ಲ. ಮರೆತದ್ದಲ್ಲ, ಬೇಕು ಅನ್ನಿಸಿರಲಿಲ್ಲ. ಸೇತುವೆಯ ಮೇಲಿನ ಸೆನ್ಸರ್ ಸುಮ್ಮನಾಯಿತು ಅಂದರೆ ಕೆಟ್ಟಿರುವುದು ಸೆನ್ಸರ್. ಸೇತುವೆ ಎಲ್ಲಿಗೆ ಹೋಗುತ್ತದೆ? ಅಲ್ಲೇ ಇರುತ್ತದೆ.

ಸಭೆಯಲ್ಲಿ ಅವಳು ಇಷ್ಟನ್ನೇ ಹೇಳಿದಳು: “ಅದು ತೇಪೆ. ನಿಜವಾದದ್ದಲ್ಲ.”

ಡಾಕ್ಟರಮ್ಮ ಪರದೆಯಿಂದ ಕಣ್ಣು ತೆಗೆಯದೆ, “ಯಾವಾಗಿಂದ?” ಅಂದರು.

“ನೋಡ್ಬೇಕು.”

“ನೋಡು. ಉಳಿದ ಸಾಲುಗಳಿಂದ ತೇಪೆ ಇವತ್ತೇ ಕಿತ್ತುಹಾಕು. ಸಿಸ್ಟರ್, ನೀವು ಮತ್ತೆ ಫೋನ್ ಹಿಡೀಬೇಕು. ಏಳನೇದನ್ನ, ಅವರ ಮನೆಯವರು ಬಂದು ಪಟ್ಟಿ ವಾಪಸ್ ಕೊಟ್ಟ ಮೇಲೆ ಮುಚ್ಚೋಣ.”

ಮಾರನೆಯ ದಿನ ಮಾಸ್ತರರ ಹೆಂಡತಿ ಬಂದರು. ಪಟ್ಟಿಯನ್ನು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿ ತಂದಿದ್ದರು. ಅಳುತ್ತಿರಲಿಲ್ಲ. ಹೊರರೋಗಿಗಳ ಬೆಂಚಿನ ಮೇಲೆ ಸೇತುವೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಡಬ್ಬಿ ಅವಳ ತೊಡೆಯ ಮೇಲಿಟ್ಟರು.

“ಇದನ್ನ ತಗೋ. ನನಗೊಂದು ಮಾತು ಹೇಳು. ಅವರ ಎದೆ ಚೆನ್ನಾಗಿದೆ ಅಂತ ನಿಮ್ಮ ಫೋನೇ ಹೇಳ್ತಿತ್ತಲ್ಲ. ಹಾಗಾದ್ರೆ ಅವರು ಹೋಗಿದ್ದು ಹೇಗೆ?”

“ನೋಡ್ತಿದ್ದೀವಿ ಅಮ್ಮ,” ಅಂದಳು.

“ನೋಡು. ಇನ್ನೊಂದು.” ಅವರು ಸೆರಗಿನೊಳಗಿಂದ ಫೋನ್ ತೆಗೆದರು. ಪರದೆಯಲ್ಲಿ ಅದೇ ಗೆರೆ, ಅದೇ ಹಸಿರು. “ಇದನ್ನ ನಿಲ್ಲಿಸಬೇಡ.”

“ಅಮ್ಮ, ಇದು…”

“ಗೊತ್ತು. ಯಂತ್ರದ್ದೇನೋ ತೊಂದರೆ. ನಾನೇನು ಎಳೇ ಮಗು ಅಲ್ಲ, ನಾನೇ ಮುಂದೆ ನಿಂತು ಕಳಿಸಿಕೊಟ್ಟಿದ್ದೀನಿ. ತೊಂದರೆ ಇದ್ರೆ ಇರ್ಲಿ ಬಿಡು. ನೋಡಿಲ್ಲಿ, ತಿಂಡಿ ಆದ ಮೇಲೆ ಏರುತ್ತೆ. ಅದು ಮೊದಲ್ನೇ ಪಾಠ. ಹೊಸ ಹುಡುಗಿಯೊಬ್ಬಳು ಬರ್ತಾಳೆ, ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ಗೊತ್ತಿಲ್ಲ. ನಾಲ್ಕು ರಸ್ತೆ ಸೇರೋ ಹತ್ರ ಇವರ ಜೀವ ಬಾಯಿಗೆ ಬರುತ್ತೆ. ನೋಡು, ಇವತ್ತೂ ಬಂತು.”

ಗೆರೆ ನಿಜವಾಗಿಯೂ ಏರಿತ್ತು. ತೇಪೆ ಚೆನ್ನಾಗಿ ಕಲಿತಿತ್ತು. ಹೊಸ ಹುಡುಗಿಯ ಪಾಠ ಹೋದ ವಾರವೇ ನಿಂತಿತ್ತು. ಕಾರು ಮಾಸ್ತರರ ಮನೆಯ ಮುಂದೆ ಧೂಳು ಹಿಡಿಯುತ್ತಿತ್ತು. ಆದರೂ ಯಾವುದೋ ನಾಲ್ಕು ರಸ್ತೆಯ ಹತ್ತಿರ ಯಾರದೋ ಎದೆ ಹೊಡೆದುಕೊಳ್ಳುತ್ತಿತ್ತು.

“ಆಯ್ತು ಅಮ್ಮ,” ಅಂದುಬಿಟ್ಟಳು ಸೇತುವೆ. ಅವರು ಎದ್ದು ಹೋದರು. ತಾನು ಹೇಳಬೇಕಾದ್ದನ್ನು ಹೇಳದೆ, ಹೇಳಬಾರದ್ದನ್ನು ಹೇಳಿದ್ದೇನೆ ಎಂದು ಅವಳಿಗೆ ಅವರ ಬೆನ್ನು ನೋಡುವಾಗ ಅರ್ಥವಾಯಿತು.

ಏಳನೆಯ ಸಾಲು ಹಾಗೇ ಉಳಿಯಿತು. ಗುರುವಾರದ್ದನ್ನು ನೋಡಿ ಮುಗಿಸುವವರೆಗೆ ಇರಲಿ ಎಂದು ಅವಳು ಡಾಕ್ಟರಮ್ಮನ ಹತ್ತಿರ ಕೇಳಿಕೊಂಡಿದ್ದಳು. ಸಿಸ್ಟರ್ ಅದರ ಕೆಳಗೆ ಕೂರುವುದನ್ನು ಬಿಟ್ಟರು. ಮೇಜನ್ನು ಕಿಟಕಿಯ ಕಡೆ ಎಳೆದುಕೊಂಡರು. ಆಮೇಲೆ ಒಂದು ಬಿಳಿ ಕಾಗದ ಕತ್ತರಿಸಿ ಆ ಸಾಲಿನ ಮೇಲೆ ಅಂಟಿಸಿದರು. ಕಾಗದದ ಹಿಂದಿನಿಂದಲೂ ಹಸಿರು ಮಸುಕಾಗಿ ಕಾಣುತ್ತಿತ್ತು. “ಇದು ಇನ್ನೂ ಕೆಟ್ಟದಾಯ್ತು,” ಎಂದು ಪಂಪು ಕಾಗದ ಕಿತ್ತುಹಾಕಿದ. ನೆಲ ಒರೆಸುವಾಕೆ ಕಾರಣ ಕೇಳಲಿಲ್ಲ, ಆದರೆ ಆ ಗೋಡೆಯ ಬುಡವನ್ನು ಎಲ್ಲಕ್ಕಿಂತ ಮೊದಲು ಒರೆಸಿ, ಬೇಗ ಹೊರಗೆ ಹೋಗುತ್ತಿದ್ದಳು.

ಸೇತುವೆ ದಿನಾ ಆ ಸಾಲು ನೋಡುತ್ತಿದ್ದಳು. ನೋಡಬೇಕಾದದ್ದು ಬೇರೆ ಇತ್ತು, ಗುರುವಾರ ಮಧ್ಯಾಹ್ನದ ಮೂಲ ದಾಖಲೆ. ತೇಪೆ ಹಾಕುವ ಮೊದಲು ಪಟ್ಟಿ ಕಳಿಸಿದ್ದು ಏನಿತ್ತೋ ಅದು ಸರ್ವರಿನಲ್ಲಿ ಬೇರೆಯಾಗಿ ಇರುತ್ತದೆ. ಅದನ್ನು ತೆರೆಯಲು ಅವಳ ಕೈ ಬರುತ್ತಿರಲಿಲ್ಲ. ಮಾಸ್ತರರು ಸತ್ತ ಮೇಲೆ ಪಟ್ಟಿ ಬಿದ್ದಿದ್ದರೆ ತೇಪೆಯ ತಪ್ಪು ಬರೀ ಅವಮಾನದ ತಪ್ಪು. ಮೊದಲೇ ಬಿದ್ದಿದ್ದರೆ ಅದು ಬೇರೆ ಮಾತು.

ಆ ನಡುವೆ ಸಾಲು ಬದಲಾಗುತ್ತಿತ್ತು. ಮೊದಲ ಪಾಠದ ಏರು ದಿನದಿನಕ್ಕೆ ತಗ್ಗಿತು. ಬಡಿತ ನಿಧಾನವಾಯಿತು. ಊಟದ ನಂತರ ಸಕ್ಕರೆ ಮೊದಲಿನಂತೆ ಜಿಗಿಯಲಿಲ್ಲ. ಮಾಸ್ತರರ ಹೆಂಡತಿ ಫೋನ್ ಮಾಡಿದರು.

“ಈಗ ಅವರಿಗೆ ಮೊದಲಿಗಿಂತ ಎಷ್ಟೋ ವಾಸಿ ಕಣೇ. ಹುಡುಗರ ಬಡಿತ ಇದ್ದ ಹಾಗಿದೆ. ಬದುಕಿದ್ದಾಗ ನಾನು ಬಡ್ಕೊಂಡ್ರೂ ವಾಕಿಂಗ್ ಹೋಗ್ಲಿಲ್ಲ. ಈಗ ಎಲ್ಲಾ ಹತೋಟಿಗೆ ಬಂದಿದೆ ನೋಡು!”

ಅವರು ನಕ್ಕರು. ಅವಳಿಗೆ ನಗು ಬರಲಿಲ್ಲ. ಫೋನಿಟ್ಟು ಪರದೆಯ ಮುಂದೆ ಹೋಗಿ ನಿಂತಳು. ಬಡಿತ, ಬಡಿತ, ಬಡಿತ. ಒಂದು ಬಡಿತ ಅವಸರದಲ್ಲಿ ಮೊದಲೇ ಬಂತು, ಎಡವಿದ ಹಾಗೆ. ಆಮೇಲೆ ಚೂರು ತಡೆ. ಮತ್ತೆ ಬಡಿತ.

ಆ ಎಡವುವಿಕೆ ಅವಳಿಗೆ ಗೊತ್ತಿತ್ತು. ಅದು ಮಾಸ್ತರರದಲ್ಲ. ತರಬೇತಿಯ ಮೊದಲ ತಿಂಗಳು ನಿಯಮದಂತೆ ಪಟ್ಟಿ ಅಂಟಿಸಿಕೊಂಡಾಗ ಅವಳದೇ ಗೆರೆಯಲ್ಲಿ ಕಂಡದ್ದು. “ಹೆದರಬೇಡ, ಎಷ್ಟೋ ಜನರಿಗೆ ಇರುತ್ತೆ,” ಎಂದಿದ್ದರು ಡಾಕ್ಟರಮ್ಮ. ಆ ತಿಂಗಳ ತನ್ನ ಬಡಿತವನ್ನೇ, ಸಕ್ಕರೆಯನ್ನೇ ಅವಳು ತೇಪೆಗೆ ಮೊದಲ ಪಾಠವಾಗಿ ತಿನ್ನಿಸಿದ್ದಳು. ರೋಗಿಯಿಂದ ಹೊಸದೇನೂ ಬರದಿದ್ದರೆ ಪ್ರೋಗ್ರಾಂ ಕಲಿತದ್ದನ್ನು ಮೆಲ್ಲಗೆ ಮರೆತು, ಮೊದಲು ಕಲಿತದ್ದಕ್ಕೆ ವಾಪಸ್ಸಾಗುತ್ತದೆ. ಅಂದರೆ ಅವಳಿಗೆ. ಸತ್ತವರ ಸಾಲಿನಲ್ಲಿ ಈಗ ಬಡಿಯುತ್ತಿದ್ದದ್ದು ಅವಳ ಎದೆ. ಮಾಸ್ತರರ ಹೆಂಡತಿ ಸೆರಗಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದದ್ದು ಅದನ್ನು.

ಅವಳು ನಿಂತಲ್ಲೇ ತನ್ನ ಕತ್ತಿನ ಪಕ್ಕ ಬೆರಳಿಟ್ಟು ನೋಡಿದಳು. ಎರಡೂ ಒಂದೇ ತಾಳದಲ್ಲಿರಲಿಲ್ಲ. ಅವಳದು ಓಡುತ್ತಿತ್ತು.

“ಪಂಪು,” ಅಂದಳು. “ಗುರುವಾರದ್ದು ತೆಗಿ. ನನಗೆ ಆಗ್ತಿಲ್ಲ.”

ಪಂಪು ತೆಗೆದ. ಪಂಪಿನ ಪಂಡಿತನಿಗೆ ತರಬೇತಿಯಲ್ಲಿ ಸಿಕ್ಕಿದ್ದು ಅಂಟಿನ ಕೆಲಸ, ಪಟ್ಟಿ ಚರ್ಮಕ್ಕೆ ಹೇಗೆ ಕಚ್ಚಬೇಕು, ಯಾವಾಗ ಬಿಡುತ್ತದೆ ಎಂದು ನೋಡುವುದು. ಅವನು ಗೆರೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಸರಿಸಿದ. ತಮಾಷೆ ಅವನ ಮುಖದಿಂದ ಇಳಿದು ಹೋಯಿತು.

“ಸ್ನಾನದಲ್ಲಿ ಬಿಟ್ರೆ ಒಂದೇ ಸಲಕ್ಕೆ ಬಿಡುತ್ತೆ. ಇದು ಹಾಗಲ್ಲ. ಒಳಗಿಂದ ಒದ್ದೆಯಾಗಿದೆ. ನೋಡು, ಹಿಡಿತ ಇಷ್ಟಿಷ್ಟೇ ಜಾರಿದೆ. ಬೆವರು ಇದು, ಸೇತುವೆ. ಕೂತಲ್ಲೇ ಬೆವರಿದ್ದಾರೆ.”

“ಎದೆ?”

“ಬಡೀತಿದೆ. ಪಟ್ಟಿ ಬೀಳೋವರೆಗೂ ಬಡೀತಿದೆ. ಚೆನ್ನಾಗಿಲ್ಲ, ಆದ್ರೆ ಬಡೀತಿದೆ.”

ಆಮೇಲೆ ಖಾಲಿ. ಆ ಖಾಲಿಯ ಮೇಲೆ ಅವಳ ತೇಪೆ.

ಎರಡನೆಯ ವಾರದ ಪಾಠದಲ್ಲೇ ಡಾಕ್ಟರಮ್ಮ ಹೇಳಿದ್ದರು: ಸಕ್ಕರೆ ಹಳತಾದವರ ನರಗಳು ಮಂಕಾಗಿರುತ್ತವೆ, ಹೃದಯಾಘಾತವಾದರೂ ನೋವೇ ಬಾರದಿರಬಹುದು, ತಣ್ಣನೆಯ ಬೆವರು ಮಾತ್ರ ಬರಬಹುದು. ಅದನ್ನು ಸೇತುವೆ ಬರೆದುಕೊಂಡಿದ್ದಳು. ಬೆವರಿದರೆ ಪಟ್ಟಿ ಬಿಡುತ್ತದೆ ಎಂಬುದು ಪಂಪಿಗೆ ಗೊತ್ತಿತ್ತು. ಇಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂರುತ್ತಿದ್ದರು. ಪಟ್ಟಿ ಬೀಳುವುದೇ ಸುದ್ದಿ ಆಗಿರಬಹುದು ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ತೇಪೆ ಇಲ್ಲದಿದ್ದರೆ ಚುಕ್ಕೆ ಕೆಂಪಾಗುತ್ತಿತ್ತು. ಸಿಸ್ಟರ್ ಗೊಣಗುತ್ತ ಫೋನ್ ಮಾಡುತ್ತಿದ್ದರು. “ಪಟ್ಟಿ ಬಿಟ್ಟಿದೆ,” ಅನ್ನುತ್ತಿದ್ದರು. “ಅಯ್ಯೋ, ಬೆವೆತು ಹೋಗಿದ್ದಾರೆ,” ಎಂದು ಮಾಸ್ತರರ ಹೆಂಡತಿ ಹೇಳುತ್ತಿದ್ದರು.

ಡಾಕ್ಟರಮ್ಮ ಅವಳು ಹೇಳಿದ್ದನ್ನೆಲ್ಲ ನಿಂತೇ ಕೇಳಿದರು.

“ಫೋನ್ ಹೋಗಿದ್ರೆ ಉಳೀತಿದ್ರಾ ಮೇಡಂ?”

“ಉಳೀತಿದ್ರು ಅಂತಲೂ ಹೇಳಕ್ಕಾಗಲ್ಲ, ಉಳೀತಿರ್ಲಿಲ್ಲ ಅಂತಲೂ ಹೇಳಕ್ಕಾಗಲ್ಲ. ಆ ಪ್ರಶ್ನೆ ಇಟ್ಕೊಂಡೇ ಬದುಕೋದು. ನಾವೆಲ್ಲ ಒಂದೊಂದು ಇಟ್ಕೊಂಡಿದ್ದೀವಿ.” ಆಮೇಲೆ ಕೇಳಿದರು, “ನಿಮ್ಮ ಸೇತುವೆ ಬಿದ್ರೆ ಯಾರ ಮನೆಗೆ ಹೋಗಿ ಹೇಳ್ತೀರಿ?”

“ಸಮಿತಿಗೆ ವರದಿ ಕೊಡ್ತೀವಿ.”

“ಸಮಿತಿಗೆ ನಾನು ಬರೀತೀನಿ. ಚಪ್ಪಾಳೆ ತಟ್ಟಿದವಳು ನಾನೂ ಹೌದು, ಅದನ್ನೂ ಬರೀತೀನಿ. ಮನೆಗೆ ನೀನು ಹೋಗು.”

“ನಾನಾ? ನಾನು ಡಾಕ್ಟರ್ ಅಲ್ಲ ಮೇಡಂ.”

“ಡಾಕ್ಟರ್‌ಗಳಿಗೆ ಇದನ್ನ ಕಲಿಸ್ತೀವಿ. ಇಂಜಿನಿಯರ್‌ಗಳಿಗೆ ಕಲಿಸೋದು ನನಗೂ ಹೊಳೆದಿರ್ಲಿಲ್ಲ. ಈಗ ಕೇಳಿಸ್ಕೋ. ಸುತ್ತಿ ಬಳಸಬೇಡ. ದುರದೃಷ್ಟವಶಾತ್ ಅಂತ ಶುರು ಮಾಡಬೇಡ. ಆಗಿದ್ದನ್ನ ಆದ ಹಾಗೇ ಹೇಳು. ಹೇಳಿ ಬಾಯಿ ಮುಚ್ಕೊಂಡು ಕೂತ್ಕೋ. ಅವರು ಏಳು ಅನ್ನೋವರೆಗೆ ಏಳಬೇಡ.”

ಹೊರಡುವ ಮುನ್ನ ಅವಳು ಎದೆಗೆ ಪಟ್ಟಿ ಅಂಟಿಸಿಕೊಂಡಳು. ಶೋಕಿಗಲ್ಲ, ನಿಯಮ. ತೇಪೆ ತೆಗೆದ ಹೊಸ ಪ್ರೋಗ್ರಾಮನ್ನು ಮಾಡಿದವರೇ ಮೊದಲು ಹಾಕಿಕೊಳ್ಳಬೇಕಿತ್ತು, ಸೋಮವಾರದ ಅವಸರದಲ್ಲಿ ಅದು ಉಳಿದುಹೋಗಿತ್ತು. ಪರದೆಯ ಕೊನೆಯಲ್ಲಿ ಅವಳದೂ ಒಂದು ಸಾಲು ಮೂಡಿತು. ಸಿಸ್ಟರ್ ಈಗ ಫೋನಿನಲ್ಲಿ ಒಂದು ಪ್ರಶ್ನೆ ಹೆಚ್ಚಿಗೆ ಕೇಳುತ್ತಿದ್ದರು: “ಬೆವರ್ತಿದ್ದೀರಾ?”

ಮಾಸ್ತರರ ಮನೆಯ ಮುಂದೆ ಕಾರು ನಿಂತಿತ್ತು. ತಲೆಯ ಮೇಲಿನ ಹಲಗೆಯಲ್ಲಿ ‘ಕಲಿಯುವವರು’ ಎಂದಿತ್ತು. ಒಳಗೆ ಕಿಟಕಿಯ ಪಕ್ಕ ಅದೇ ಕುರ್ಚಿ, ತೋಳಿನ ಬಣ್ಣ ಸವೆದದ್ದು. ಅದರ ಎದುರಿನ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ ಮಾಸ್ತರರ ಹೆಂಡತಿ ಬಾಗಿಲ ಹತ್ತಿರ ನೆಲದ ಮೇಲೆ ಕೂತರು. ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಫೋನು ಗೋಡೆಗೂಡಿನಲ್ಲಿ ಚಾರ್ಜಿಗೆ ನಿಂತಿತ್ತು, ಹಸಿರಾಗಿ.

“ಅಮ್ಮ, ಆ ಗೆರೆ ಮಾಸ್ತರರದಲ್ಲ,” ಅಂದಳು ಅವಳು, ಬಂದ ಉಸಿರಿನಲ್ಲೇ.

“ಮತ್ತೆ ಯಾರದು?”

“ಮೊದಮೊದಲು ಅವರ ಹಳೇ ಬಡಿತಾನೇ ಯಂತ್ರ ತಿರುಗಿಸಿ ತಿರುಗಿಸಿ ಹಾಕ್ತಿತ್ತು. ಈಗ ಬರ್ತಿರೋದು ನಂದು.”

“ನಿಂದಾ?”

ಯಾಕೆ ತನ್ನದು ಎಂದು ಅವಳು ಹೇಳಿದಳು. ಅವರು ಗಲ್ಲಕ್ಕೆ ಕೈ ಹಚ್ಚಿ ಕೇಳಿದರು.

“ಹಾಗಾದ್ರೆ ಇಷ್ಟು ದಿನ ನಾನು ಮಾತಾಡಿದ್ದು ನಿನ್ನ ಹತ್ರಾನಾ?”

“ಹಾಗೇ ಅನ್ನಬಹುದು.”

“ಬೈದಿದ್ದೀನಿ ಕಣೇ. ಬಾಯಿಗೆ ಬಂದ ಹಾಗೆ.”

“ಏನಂತ?”

“ಅದು ಗಂಡನಿಗೆ ಬೈಯೋ ಬೈಗುಳ. ನಿನಗಿನ್ನೂ ಮದುವೆ ಆಗಿಲ್ಲ, ಸುಮ್ನಿರು.” ಅವರಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡರು. ಆ ನಗು ಮುಗಿಯುವ ಮೊದಲೇ ಹೇಳದಿದ್ದರೆ ತಾನು ಎಂದಿಗೂ ಹೇಳುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

“ಇನ್ನೊಂದಿದೆ. ಅವರು ಹೋಗಿದ್ದು ಹೇಗೆ ಅಂತ ಕೇಳಿದ್ರಲ್ಲ.”

ಅವಳು ಆದದ್ದನ್ನು ಆದ ಹಾಗೇ ಹೇಳಿದಳು. ಮಾಸ್ತರರಿಗೆ ನೋವಿಲ್ಲದೆ ಹೃದಯಾಘಾತವಾಗಿತ್ತು. ಬೆವರಿದರು. ಬೆವರಿಗೆ ಪಟ್ಟಿ ಬಿತ್ತು. ಬಿದ್ದಾಗ ಎದೆ ಇನ್ನೂ ಬಡಿಯುತ್ತಿತ್ತು. ಪಟ್ಟಿ ಬಿದ್ದರೆ ಚುಕ್ಕೆ ಕೆಂಪಾಗಬೇಕಿತ್ತು, ಆಸ್ಪತ್ರೆಯಿಂದ ಫೋನ್ ಬರಬೇಕಿತ್ತು. ತಾನು ಬರೆದ ಪ್ರೋಗ್ರಾಮಿನಿಂದ ಅದು ಹಸಿರಾಗೇ ಉಳಿಯಿತು. ಫೋನ್ ಬರಲಿಲ್ಲ. ಇಷ್ಟು ಹೇಳಿ ಅವಳು ಬಾಯಿ ಮುಚ್ಚಿದಳು.

ಮಾಸ್ತರರ ಹೆಂಡತಿ ಕುರ್ಚಿಯ ಕಡೆ ನೋಡುತ್ತ ಮಾತಾಡಿದರು.

“ಪಟ್ಟಿ ಇಲ್ಲೇ ಬಿದ್ದಿತ್ತು. ನಾನೇ ಎತ್ಕೊಂಡೆ. ಅಂಗಿ ನೆನೆದು ಮೈಗೆ ಹತ್ಕೊಂಡಿತ್ತು. ಹಣೆ ಮುಟ್ಟಿದೆ, ತಣ್ಣಗಿತ್ತು. ರೀ ಅಂದೆ. ಹೂಂ ಅಂದ್ರು. ಫೋನ್ ನೋಡ್ದೆ. ಹಸಿರಿತ್ತು. ಬಿಸಿಲಲ್ಲಿ ಪಾಠ ಹೇಳಿ ಬಂದಿದ್ದಾರೆ, ಮಲಗ್ಲಿ ಅಂತ ಫ್ಯಾನ್ ಜೋರು ಮಾಡಿ ಒಳಗೆ ಹೋದೆ.” ಅವರು ತಮ್ಮ ಬಲಗೈ ಬಿಡಿಸಿ ನೋಡಿಕೊಂಡರು. “ಪಟ್ಟಿ ನನ್ನ ಕೈಯಲ್ಲೇ ಇತ್ತು. ಪಟ್ಟಿ ಇಲ್ಲಿದೆ, ಹಾಗಾದ್ರೆ ಬಡಿತ ಅಲ್ಲಿ ಎಲ್ಲಿಂದ ಬಂತು ಅಂತ ಹೊಳೀಲೇ ಇಲ್ಲ.”

“ನಿಮ್ಮ ತಪ್ಪಲ್ಲ ಅಮ್ಮ.”

“ನನ್ನ ತಪ್ಪು ಅಂತ ನಾನೆಲ್ಲಿ ಅಂದೆ? ನಿನ್ನ ತಪ್ಪು ಅಂತಿದ್ದೀನಿ.”

“ಹೌದು. ನಂದೇ.”

ಗೂಡಿನಲ್ಲಿ ಗೆರೆ ಒಮ್ಮೆ ಎಡವಿತು. ಇಬ್ಬರೂ ನೋಡಿದರು.

“ಅದೂ ನಿಂದೇನಾ, ಆ ಎಡವೋದು?”

“ಹೂಂ.”

“ಕೈ ಕೊಡು.”

ಅವರು ಅವಳ ಮಣಿಕಟ್ಟು ಹಿಡಿದು, ನಾಡಿ ಹುಡುಕಿ ಒತ್ತಿದರು. ಕಣ್ಣು ಫೋನಿನ ಮೇಲೆ. ಬೆರಳು ಗಟ್ಟಿಯಾಗಿದ್ದವು, ಸೋಪಿನ ವಾಸನೆಯಿತ್ತು.

“ಸುಳ್ಳು ಹೇಳ್ತೀಯ. ಇದು ಓಡ್ತಿದೆ. ಅಲ್ಲಿ ನಿಧಾನಕ್ಕಿದೆ.”

“ಅದು ಹಳೇದು ಅಮ್ಮ. ನಾನು ಆಸ್ಪತ್ರೆಗೆ ಸೇರಿದ ಹೊಸದರದು. ಆಗ ನನಗೇನೂ ಗೊತ್ತಿರ್ಲಿಲ್ಲ.”

ಅವರು ಕೈ ಬಿಟ್ಟರು. “ನಿಲ್ಲಿಸು. ನನ್ನ ಕಣ್ಣೆದುರಿಗೇ ನಿಲ್ಲಿಸು.”

ಅವಳು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲಿಟ್ಟು ಏಳನೆಯ ಸಾಲನ್ನು ಹುಡುಕಿದಳು.

“ಸಿನಿಮಾದಲ್ಲಿ ಬರುತ್ತಲ್ಲ, ಉದ್ದಕ್ಕೆ ನೇರ ಗೆರೆ, ಹಾಗೆ ಬರುತ್ತಾ?”

“ಇಲ್ಲ. ಏನೂ ಬರಲ್ಲ.”

ಏನೂ ಬರಲಿಲ್ಲ. ಗೂಡಿನಲ್ಲಿ ಬಿಳಿ ಬೆಳಕು ಮಾತ್ರ ಉಳಿಯಿತು, ಸ್ವಲ್ಪ ಹೊತ್ತಿಗೆ ಅದೂ ಆರಿತು. ಮಾಸ್ತರರ ಹೆಂಡತಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಇನ್ನೂ ಯಾಕೆ ಕೂತಿದ್ದೀಯ?”

“ನೀವು ಏಳು ಅಂದಿಲ್ಲ.”

“ಕೂತಿರು ಹಾಗಾದ್ರೆ,” ಎಂದು ಒಳಗೆ ಹೋದರು.

ಒಳಗೆ ನಲ್ಲಿ ಬಿಟ್ಟ ಸದ್ದಾಯಿತು, ಪಾತ್ರೆಗಳನ್ನು ಬೇಕೆಂದೇ ಕುಕ್ಕಿ ತೊಳೆಯುವ ಸದ್ದು. ಸೇತುವೆ ಕುರ್ಚಿಯ ಎದುರು ಕೂತಿದ್ದಳು. ಕುರ್ಚಿಯ ಒರಗಿನಲ್ಲಿ ತಲೆ ತಾಗಿ ತಾಗಿ ಆದ ಎಣ್ಣೆಯ ಗುರುತಿತ್ತು. ಫ್ಯಾನು ಇನ್ನೂ ಜೋರಾಗೇ ತಿರುಗುತ್ತಿತ್ತು. ಆ ದಿನ ಜೋರು ಮಾಡಿದ್ದನ್ನು ಯಾರೂ ಕಡಿಮೆ ಮಾಡಿರಲಿಲ್ಲ. ಅಷ್ಟು ಗಾಳಿಯಲ್ಲೂ ಅವಳ ಬೆನ್ನು ಒದ್ದೆಯಾಗಿತ್ತು. ಕುರ್ಚಿಯಿಂದ ಯಾರೋ ಹೂಂ ಅಂದ ಹಾಗಾಯಿತು. ಅನ್ನಲಿಲ್ಲ, ಅವಳಿಗೆ ಗೊತ್ತಿತ್ತು. ಆದರೂ ಕಣ್ಣು ತೆಗೆಯಲಾಗಲಿಲ್ಲ.

ಅವಳ ಫೋನ್ ಬಡಿದುಕೊಂಡಿತು. ಸಿಸ್ಟರ್.

“ಸೇತುವೆ, ನಿನ್ನ ಸಾಲು ಖಾಲಿಯಾಗಿದೆ. ಪಟ್ಟಿ ಬಿಟ್ಟಿದೆ ನೋಡು. ಬೆವರ್ತಿದ್ದೀಯಾ?”

ಅವಳು ಕೊರಳೊಳಗೆ ಕೈ ಹಾಕಿದಳು. ಪಟ್ಟಿ ಒದ್ದೆಯಾಗಿ, ಒಂದು ತುದಿ ಕಳಚಿ ನೇತಾಡುತ್ತಿತ್ತು. “ಹೌದು ಸಿಸ್ಟರ್. ಏನಿಲ್ಲ, ಸೆಖೆ.”

“ಏನಿಲ್ಲ ಅಂತ ನಾನು ಬರ್ಕೊಳ್ಳಲ್ಲ. ಪಕ್ಕದಲ್ಲಿ ಯಾರಿದ್ದಾರೆ?”

ಒಳಗಿನಿಂದ ಮಾಸ್ತರರ ಹೆಂಡತಿ ಕೂಗಿದರು, “ಯಾರದು ಫೋನು?”

“ಆಸ್ಪತ್ರೆಯವರು. ನನ್ನ ಪಟ್ಟಿ ಬಿಟ್ಟಿದೆ ಅಂತ.”

“ಅದಕ್ಕೆ ಫೋನ್ ಮಾಡಿದ್ರಾ?”

“ಹೂಂ.”

ಒಳಗೆ ಪಾತ್ರೆಯ ಸದ್ದು ನಿಂತಿತು. ನಲ್ಲಿಯ ನೀರು ಮಾತ್ರ ಸುರಿಯುತ್ತಿತ್ತು, ಯಾರೂ ನಿಲ್ಲಿಸಲಿಲ್ಲ.